ಡೊಳ್ಳಿಗೂ ಡ್ರಮ್ ಮಷೀನಿಗೂ ಲಯ ಕೂಡಿಸುವುದು ಹೇಗೆ

ಹಾಡು ಕಟ್ಟುವ ಸಾಫ್ಟ್‌ವೇರನ್ನು ತೆರೆದ ತಕ್ಷಣ ಪರದೆ ಖಾಲಿ ಕಾಣಿಸುತ್ತದೆ. ಆದರೆ ಒಳಗೆ ಆಗಲೇ ಕೆಲವು ತೀರ್ಮಾನಗಳು ಆಗಿಹೋಗಿರುತ್ತವೆ. ಒಂದು ಸುತ್ತಿಗೆ ನಾಲ್ಕು ಎಣಿಕೆ, ಪ್ರತಿ ಎಣಿಕೆಯೊಳಗೆ ಸರಿಸಮನಾದ ನಾಲ್ಕು ಚೌಕ, ಸಪ್ತಕಕ್ಕೆ ಸಮದೂರದ ಹನ್ನೆರಡು ಸ್ವರ. ಜಗತ್ತಿನ ಬಹುಪಾಲು ಸಂಗೀತ ಇವುಗಳಲ್ಲಿ ಒಂದನ್ನಾದರೂ ಒಪ್ಪುವುದಿಲ್ಲ. ಪಂಜಾಬಿನ ಧೋಲ್ ಸಮನಾದ ಚೌಕಗಳಲ್ಲಿ ನಡೆಯುವುದಿಲ್ಲ, ಅರಬ್ಬರ ರಾಗಪದ್ಧತಿಯಾದ ಮಕಾಮಿನ ಸ್ವರಗಳು ಕೀಬೋರ್ಡಿನ ಗುಂಡಿಗಳ ಮೇಲೆ ಕೂರುವುದಿಲ್ಲ, ಏಳು ಅಕ್ಷರದ ತಾಳವಾದ ಮಿಶ್ರ ಚಾಪು ನಾಲ್ಕರ ಲೆಕ್ಕಕ್ಕೆ ಸಿಗುವುದಿಲ್ಲ. ಒಳ್ಳೆಯ ಡೊಳ್ಳಿನ ಲೂಪ್ (ಮತ್ತೆ ಮತ್ತೆ ತಿರುಗುವ ತುಣುಕು) ತಂದು ಕ್ಲಬ್ಬುಗಳ ಹೌಸ್ ಸಂಗೀತದ ಬೀಟಿನ ಮೇಲೆ ಇಟ್ಟರೂ ಎರಡೂ ಬೇರೆಬೇರೆ ಕೋಣೆಯಲ್ಲಿ ನುಡಿದಂತೆ ಕೇಳಿಸುವುದು ಇದರಿಂದಲೇ. ಈ ತೀರ್ಮಾನಗಳಲ್ಲಿ ಯಂತ್ರ ಯಾವುದನ್ನು ಬಿಟ್ಟುಕೊಡಬೇಕು, ವಾದ್ಯ ಯಾವುದನ್ನು ಬಿಟ್ಟುಕೊಡಬೇಕು ಎಂದು ಮೊದಲೇ ಗೊತ್ತುಮಾಡಿಕೊಂಡರೆ ಅರ್ಧ ಕೆಲಸ ಮುಗಿಯಿತು. ಸದ್ದು ಹುಡುಕುವುದು ಆಮೇಲಿನ ಮಾತು.

ಇದಕ್ಕೆ ನಮ್ಮ ದೇಶದಲ್ಲೇ ಹಳೆಯ ಉದಾಹರಣೆ ಇದೆ. ಮುಂಬಯಿಯ ಸಿನಿಮಾ ವಾದ್ಯಗೋಷ್ಠಿಗಳಲ್ಲಿ ನುಡಿಸುತ್ತಿದ್ದ ಚರಣಜಿತ್ ಸಿಂಗ್ 1982ರಲ್ಲಿ ಹತ್ತು ರಾಗಗಳನ್ನು ಡಿಸ್ಕೋ ಬೀಟಿಗೆ ಕೂಡಿಸಿ ಒಂದು ಎಲ್‌ಪಿ ತಂದರು. ಅವರ ಬಳಿ ಇದ್ದದ್ದು ರೋಲ್ಯಾಂಡ್ ಕಂಪನಿಯ ಮೂರು ಯಂತ್ರ: ತಾಳಕ್ಕೆ ಟಿಆರ್-808, ಮಂದ್ರಕ್ಕೆ ಟಿಬಿ-303, ರಾಗಕ್ಕೆ ಜೂಪಿಟರ್-8. 303 ಯಂತ್ರ ಬಂದದ್ದು ಬಾಸ್ ಗಿಟಾರ್ ನುಡಿಸುವವರ ಜಾಗ ತುಂಬಲಿಕ್ಕೆ. ಆ ಕೆಲಸದಲ್ಲಿ ಅದು ಸೋತಿತು, 1984ಕ್ಕೆ ತಯಾರಿಕೆಯೂ ನಿಂತಿತು. ಆದರೆ ಅದರಲ್ಲೊಂದು ಗುಣ ಇತ್ತು. ಒಂದು ಸ್ವರದಿಂದ ಇನ್ನೊಂದಕ್ಕೆ ಕಡಿಯದೆ ಜಾರುತ್ತಿತ್ತು, ಬೇಕಾದ ಸ್ವರಕ್ಕೆ ಒತ್ತು ಕೊಡುತ್ತಿತ್ತು. ಜಾರುವಿಕೆ ರಾಗಕ್ಕೆ ಬೇಕೇಬೇಕು. ಸಿಂಗ್ ಕಾರ್ಡ್‌ಗಳ (ಒಟ್ಟಿಗೆ ನುಡಿಯುವ ಸ್ವರಗುಚ್ಛಗಳ) ಬದಲಾವಣೆಗೆ ಕೈಹಾಕದೆ ಒಂದೇ ಆಧಾರ ಸ್ವರದ ಸುತ್ತ ರಾಗವನ್ನು ಓಡಾಡಲು ಬಿಟ್ಟರು. ಅದೇ 303 ಯಂತ್ರದಿಂದ ಶಿಕಾಗೋದಲ್ಲಿ ಆ್ಯಸಿಡ್ ಹೌಸ್ ಎಂಬ ಹೊಸ ಬಗೆಯ ಮೊದಲ ಧ್ವನಿಮುದ್ರಿಕೆ ಹೊರಬಂದದ್ದು 1987ರಲ್ಲಿ. ಸಿಂಗ್ ಅವರ ತಟ್ಟೆ 2010ರಲ್ಲಿ ಮರುಮುದ್ರಣವಾದ ಮೇಲೆ ಜಗತ್ತು ಈ ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳಿತು.

ಹದಿನಾರು ಚೌಕ

ಬೇರೆ ಬೇರೆ ನಾಡಿನ ನೃತ್ಯದ ಬೀಟುಗಳನ್ನು ಹೋಲಿಸಲು ಸುಲಭದ ದಾರಿ, ಒಂದು ಸುತ್ತನ್ನು 16 ಚೌಕಗಳಾಗಿ ಮಾಡಿ ಪೆಟ್ಟು ಎಲ್ಲೆಲ್ಲಿ ಬೀಳುತ್ತದೆ ಎಂದು ಗುರುತು ಹಾಕುವುದು. ಕಿಕ್ ಡ್ರಮ್, ಅಂದರೆ ತಳದ ದಪ್ಪ ಪೆಟ್ಟು, 1, 5, 9, 13ರಲ್ಲಿ ಬಿದ್ದರೆ ಡಿಸ್ಕೋ ಮತ್ತು ಹೌಸ್. ಅದರ ಮೇಲೆ 5, 13ರಲ್ಲಿ ಚಪ್ಪಾಳೆ ಇಟ್ಟರೆ ಎಲ್ಲರೂ ಕೇಳಿರುವ ಕ್ಲಬ್ ಬೀಟ್ ಆಯಿತು. ಚಪ್ಪಾಳೆ ತೆಗೆದು ಸ್ನೇರ್ ಎಂಬ ಚುರುಕು ಸದ್ದಿನ ಡ್ರಮ್ ಅನ್ನು 4, 7, 12, 15ಕ್ಕೆ ಹಾಕಿ, ವೇಗವನ್ನು ನಿಮಿಷಕ್ಕೆ 95 ಎಣಿಕೆಯ ಹತ್ತಿರಕ್ಕೆ ಇಳಿಸಿ: ಜಮೈಕಾದಲ್ಲಿ ಹುಟ್ಟಿ ಪನಾಮಾ, ಪೋರ್ಟೊರಿಕೊಗಳಲ್ಲಿ ಬೆಳೆದ ರೆಗೆಟಾನ್‌ನ ಡೆಂಬೊ ಬೀಟ್ ಸಿದ್ಧ. ಕಿಕ್ ಒಂದು ಕೂದಲೆಳೆಯೂ ಕದಲಿಲ್ಲ, ಆದರೂ ಮೈ ಅಲುಗುವ ರೀತಿಯೇ ಬದಲಾಗುತ್ತದೆ.

ಡೆಂಬೊ ಸುತ್ತಿನ ಅರ್ಧವನ್ನು ನೋಡಿದರೆ 3+3+2 ಲೆಕ್ಕ ಕಾಣುತ್ತದೆ. 1ರಲ್ಲಿ ಕಿಕ್, 4 ಮತ್ತು 7ರಲ್ಲಿ ಸ್ನೇರ್. ಇದೇ 3+3+2 ಕ್ಯೂಬಾದಲ್ಲಿದೆ, ಅರಬ್ಬರ ದರ್ಬುಕ ಎಂಬ ತಾಳವಾದ್ಯದ ಮಲ್ಫೂಫ್ ಎಂಬ ನಡೆಯಲ್ಲೂ ಇದೆ. ಅದಕ್ಕೇ ಮಲ್ಫೂಫ್ ನುಡಿಸಿದ ದರ್ಬುಕ ಹೌಸ್ ಬೀಟಿನ ಮೇಲೆ ಹೆಚ್ಚಿನ ತಕರಾರಿಲ್ಲದೆ ಕೂರುತ್ತದೆ. ಮೊದಲ ಪ್ರಯತ್ನ ಮಾಡುವವರು ಇಲ್ಲಿಂದ ಶುರುಮಾಡುವುದು ಒಳ್ಳೆಯದು.

ವೇಗದ ಅಂದಾಜು ತಲೆಯಲ್ಲಿರಲಿ. ದಕ್ಷಿಣ ಆಫ್ರಿಕಾದ ಅಮಾಪಿಯಾನೊ 110–115. ಅದರಲ್ಲಿ ಕಿಕ್‌ಗೆ ಅಷ್ಟು ಕೆಲಸವಿಲ್ಲ, ಲಾಗ್ ಡ್ರಮ್ ಎಂದು ಕರೆಯುವ, ಎಫ್‌ಎಂ ಸಿಂಥ್‌ನಿಂದ (ಸಿಂಥ್ ಎಂದರೆ ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ವಾದ್ಯ) ಬರುವ ಮಂದ್ರವೇ ತಾಳ ಹೇಳುತ್ತದೆ. ಅಂಗೋಲಾದ ಕುಡೂರೊ 130–140. ಲುವಾಂಡಾದಲ್ಲಿ ಹುಟ್ಟಿದ ಇದನ್ನು ಲಿಸ್ಬನ್ ಕಡೆಯ ಬುರಾಕಾ ಸೋಮ್ ಸಿಸ್ಟೆಮಾ ತಂಡ 2006ರಿಂದ ಯುರೋಪಿನ ಕ್ಲಬ್ಬುಗಳಿಗೆ ಒಯ್ದಿತು. ಟಾಂಜಾನಿಯಾದ ಸಿಂಗೆಲಿ 200 ದಾಟುತ್ತದೆ. ಎರಡು ವೇಗ ದೂರದೂರ ಇದ್ದರೆ ಹೆದರುವ ಅಗತ್ಯವಿಲ್ಲ, ಒಂದು ಇನ್ನೊಂದರ ಇಮ್ಮಡಿ ಆಗುತ್ತದೆಯೇ ನೋಡಿ. 86ರ ಕೊಲಂಬಿಯನ್ ಕುಂಬಿಯಾ, 172ರ ಡ್ರಮ್ ಆ್ಯಂಡ್ ಬಾಸ್ ಜೊತೆ ನೇರವಾಗಿ ಕೂಡುತ್ತದೆ. ಕುಂಬಿಯಾವನ್ನು 86ರಿಂದ 124ಕ್ಕೆ ಎಳೆದು ಹೌಸ್ ಮಾಡಲು ಹೋದರೆ ಅದರ ತೂಗಾಟವೇ ಸತ್ತುಹೋಗುತ್ತದೆ.

ಚತುರಶ್ರ ಮತ್ತು ತಿಶ್ರದ ನಡುವೆ

ಇಲ್ಲಿ ನಿಧಾನ ಬೇಕು, ಬೆರಕೆ ಹಾಳಾಗುವುದು ಹೆಚ್ಚಾಗಿ ಇಲ್ಲೇ.

ವೇಗ 100 ಇದ್ದರೆ ಎರಡು ಪಕ್ಕದ ಚೌಕಗಳ ಒಟ್ಟು ಅವಧಿ 300 ಮಿಲಿಸೆಕೆಂಡ್. ಸಾಫ್ಟ್‌ವೇರಿನ ಗ್ರಿಡ್ (ಚೌಕಗಳ ಜಾಲ) ಇದನ್ನು 150–150 ಎಂದು ಹಂಚುತ್ತದೆ, ಇದು ಚತುರಶ್ರ ನಡೆ. 200–100 ಎಂದು ಹಂಚಿದರೆ ತಿಶ್ರ ನಡೆಯ ತೂಗಾಟ ಬರುತ್ತದೆ. ನಿಜವಾದ ಧೋಲ್, ಢೋಲಕ್, ಬ್ರೆಜಿಲ್‌ನ ಸಾಂಬಾ ವಾದ್ಯಗಳು ಇವೆರಡರ ನಡುವೆ ಎಲ್ಲೋ ನಡೆಯುತ್ತವೆ. ಪಂಜಾಬಿ ಚಾಲ್‌ನ (ಧೋಲ್‌ನ ಒಂದು ನಡೆ) ಎರಡನೇ ಪೆಟ್ಟು 190ರ ಹತ್ತಿರ ಬಿತ್ತು ಎನ್ನಿ. ಸಾಫ್ಟ್‌ವೇರಿನ ಹೈ-ಹ್ಯಾಟ್ (ಜೋಡಿ ಕಂಚಿನ ತಾಳದ ಸದ್ದು) 150ರಲ್ಲಿ ಹೊಡೆಯುತ್ತದೆ. ನಡುವೆ 40 ಮಿಲಿಸೆಕೆಂಡ್ ಅಂತರ. ಅಂತರ 20–30 ದಾಟಿತೆಂದರೆ ಕಿವಿಗೆ ಅದು ಒಂದು ಪೆಟ್ಟಾಗಿ ಕೇಳಿಸದು, ಎಡವಿದ ಎರಡು ಪೆಟ್ಟಾಗಿ ಕೇಳಿಸುತ್ತದೆ. ಇದನ್ನು ಸರಿಮಾಡಲು ಹೆಚ್ಚಿನವರು ಧೋಲ್ ಅನ್ನು ಕ್ವಾಂಟೈಸ್ ಮಾಡಿ ಗ್ರಿಡ್ಡಿಗೆ ಕಟ್ಟಿಹಾಕುತ್ತಾರೆ. ಎಡವುವುದು ನಿಲ್ಲುತ್ತದೆ, ಜೊತೆಗೆ ಧೋಲ್ ಕೂಡ ನಿಲ್ಲುತ್ತದೆ. ಮಾಡಬೇಕಾದದ್ದು ತಿರುಗುಮುರುಗು: ಹೈ-ಹ್ಯಾಟ್ ಧೋಲ್ ಹಿಂದೆ ಹೋಗಬೇಕು.

ಅದಕ್ಕೆ ಕ್ರಮ ಹೀಗೆ. ವಾದಕರಿಗೆ ಎಣಿಕೆಯ ಕ್ಲಿಕ್ ಸದ್ದು ಕೇಳಿಸಿ, ಬೇಕಾದ ವೇಗದಲ್ಲೇ 8 ಸುತ್ತು ಮುದ್ರಿಸಿಕೊಳ್ಳಿ. ಸಾಫ್ಟ್‌ವೇರಿನಲ್ಲಿ ಪ್ರತಿ ಸುತ್ತಿನ ಸಮಕ್ಕೆ, ಅಂದರೆ ಮೊದಲ ಪೆಟ್ಟಿಗೆ, ಮಾತ್ರ ಗುರುತು ಹಾಕಿ ಗ್ರಿಡ್ಡಿಗೆ ಸೇರಿಸಿ. ನಡುವಿನ ಪೆಟ್ಟುಗಳನ್ನು ಮುಟ್ಟಬೇಡಿ. ಆಮೇಲೆ ಆ ಮುದ್ರಣದಿಂದ ಗ್ರೂವ್, ಅಂದರೆ ಪೆಟ್ಟುಗಳ ಹಂಚಿಕೆಯ ನಕ್ಷೆ, ಹೊರತೆಗೆಯಿರಿ. ಏಬಲ್‌ಟನ್ ಲೈವ್, ಲಾಜಿಕ್ ಎಂಬ ಸಾಫ್ಟ್‌ವೇರ್ ಎರಡರಲ್ಲೂ ಈ ಸೌಲಭ್ಯ ಇದೆ. ಹೊರತೆಗೆದ ಗ್ರೂವನ್ನು ಹೈ-ಹ್ಯಾಟ್, ಶೇಕರ್, ಬಾಸ್ ಸಿಂಥ್‌ಗಳಿಗೆ ಹಚ್ಚಿ: ಹೈ-ಹ್ಯಾಟಿಗೆ ಪೂರ್ತಿ, ಬಾಸ್‌ಗೆ ಶೇಕಡಾ 60–70. ಕಿಕ್‌ಗೆ ಹಚ್ಚಬೇಡಿ, ಅದು ಗ್ರಿಡ್ಡಿನಲ್ಲೇ ಇರಲಿ. ನಾಲ್ಕು ಕಿಕ್ ಗಟ್ಟಿಯಾಗಿ ನಿಂತು ಉಳಿದದ್ದೆಲ್ಲ ವಾದಕರ ಕೈಯ ಜೊತೆ ತೂಗಿದಾಗ ಇಡೀ ಹಾಡು ಒಬ್ಬರೇ ನುಡಿಸಿದಂತೆ ಕೂಡಿಕೊಳ್ಳುತ್ತದೆ. ಪೆಟ್ಟಿನ ಏರಿಳಿತವನ್ನೂ ಶೇಕಡಾ 30ರಷ್ಟು ಹೈ-ಹ್ಯಾಟಿಗೆ ಕೊಟ್ಟರೆ ಇನ್ನೂ ಚೆನ್ನ.

ಹಳೆಯ ಮುದ್ರಣವಾದರೆ ಸಾಫ್ಟ್‌ವೇರ್ ತಾನೇ ವೇಗ ಪತ್ತೆಹಚ್ಚುವುದನ್ನು ನಂಬಬೇಡಿ. 3+3+2 ನಡೆಯಲ್ಲಿ ಮೂರರ ಪೆಟ್ಟುಗಳನ್ನೇ ಎಣಿಕೆ ಎಂದುಕೊಂಡು 96ರ ಲೂಪನ್ನು 128 ಎಂದು ಓದಿಬಿಡುತ್ತದೆ. ಕೈತಾಳ ಹಾಕಿ ನೀವೇ ವೇಗ ಲೆಕ್ಕ ಹಾಕಿ ತುಂಬುವುದು ವಾಸಿ. ಲೂಪನ್ನು ಎಳೆಯುವುದಾದರೆ ಶೇಕಡಾ 5–8ರ ಒಳಗೆ ಇರಲಿ. ಅದಕ್ಕಿಂತ ಹೆಚ್ಚಾದರೆ ಚರ್ಮವಾದ್ಯದ ಪೆಟ್ಟಿನ ಮೊನೆ ಕದಡುತ್ತದೆ, ತಮಟೆಯ ಚಟಾರ್ ಎನ್ನುವ ಸದ್ದು ಒದ್ದೆ ಬಟ್ಟೆ ಬಡಿದಂತಾಗುತ್ತದೆ. ಹೆಚ್ಚು ಅಂತರ ಇದ್ದರೆ ಲೂಪನ್ನು ಪೆಟ್ಟು ಪೆಟ್ಟಾಗಿ ಕತ್ತರಿಸಿ ಸ್ಯಾಂಪ್ಲರ್‌ಗೆ (ಮುದ್ರಿತ ತುಣುಕುಗಳನ್ನು ನುಡಿಸುವ ಸಾಧನ) ಹಾಕಿ ಮತ್ತೆ ಜೋಡಿಸಿ.

ಶ್ರುತಿ

ಗ್ರಾಮಫೋನ್ ತಟ್ಟೆಯ ಹಾಗೆ ವೇಗದ ಜೊತೆ ಶ್ರುತಿಯನ್ನೂ ಏರಲು ಬಿಟ್ಟರೆ ಸದ್ದು ಕದಡುವುದಿಲ್ಲ, ಆದರೆ ಲೆಕ್ಕ ಗೊತ್ತಿರಬೇಕು. ವೇಗ ಸುಮಾರು ಶೇಕಡಾ 6 ಏರಿದರೆ ಶ್ರುತಿ ಅರ್ಧ ಮನೆ, ಅಂದರೆ ಕೀಬೋರ್ಡಿನ ಪಕ್ಕದ ಗುಂಡಿಯಷ್ಟು, ಏರುತ್ತದೆ. 118ರಲ್ಲಿ ಎರಡು ಮನೆ ಶ್ರುತಿಗೆ, ಅಂದರೆ ಡಿಗೆ, ಹಾಡಿದ್ದನ್ನು 125ಕ್ಕೆ ಏರಿಸಿದರೆ ಅದು ಎರಡೂವರೆ ಮನೆಗೆ ಬಂದು ನಿಲ್ಲುತ್ತದೆ. ಸಿಂಥ್‌ಗಳನ್ನೆಲ್ಲ ಅಲ್ಲಿಗೇ ಕೂಡಿಸಿದರೆ ಆಯಿತು. ತೊಂದರೆ ಬರುವುದು 118ನ್ನು 122ಕ್ಕೆ ಏರಿಸಿದಾಗ. ಶ್ರುತಿ ಪಕ್ಕಪಕ್ಕದ ಎರಡು ಗುಂಡಿಗಳ ನಡುವೆ ಸಿಕ್ಕಿಬೀಳುತ್ತದೆ. ಆಗ ಇಡೀ ಹಾಡಿನ ಶ್ರುತಿಯನ್ನು ಸೆಂಟ್ ಎಂಬ ಸಣ್ಣ ಅಳತೆಯ ಲೆಕ್ಕದಲ್ಲಿ ಸರಿಸಬೇಕು, ಅಥವಾ ವೇಗವನ್ನೇ ಬದಲಿಸಬೇಕು.

ಒಂದು ಅರ್ಧ ಮನೆಗೆ 100 ಸೆಂಟ್. ಕೀಬೋರ್ಡಿನ ಅಂತರ ಗಾಂಧಾರ ಷಡ್ಜದಿಂದ 400 ಸೆಂಟ್ ದೂರದಲ್ಲಿದೆ. ತಂಬೂರಿಯ ನಾದದೊಳಗಿಂದ ಕೇಳಿಬರುವ ಗಾಂಧಾರ 386ರಲ್ಲಿದೆ. 14 ಸೆಂಟ್ ವ್ಯತ್ಯಾಸ ಕಾಗದದಲ್ಲಿ ಸಣ್ಣದು. ತಂಬೂರಿಯ ಮೇಲೆ ಸಿಂಥ್ ಪ್ಯಾಡ್ (ಉದ್ದಕ್ಕೆ ಎಳೆಯುವ ಹಿನ್ನೆಲೆ ನಾದ) ಹಿಡಿದು ನಿಲ್ಲಿಸಿದಾಗ ಅದೇ ಗಾಂಧಾರ ಗಡಸಾಗಿ ಮೇಲೆದ್ದು ನಿಲ್ಲುತ್ತದೆ. ಮೋಹನ ರಾಗದ ಹಾಡಿಗೆ ಸಿಂಥ್ ಕೂಡಿಸುವುದಾದರೆ ರಿಷಭ 204, ಗಾಂಧಾರ 386, ಪಂಚಮ 702, ಧೈವತ 884 ಸೆಂಟ್ ಎಂದು ಕೊಟ್ಟು ನೋಡಿ. ಉಚಿತವಾಗಿ ಸಿಗುವ ಸರ್ಜ್ ಎಕ್ಸ್‌ಟಿ, ವೈಟಲ್ ಸಿಂಥ್‌ಗಳು ಇಂಥ ಶ್ರುತಿಯ ಕಡತಗಳನ್ನು ಓದುತ್ತವೆ. ಏಬಲ್‌ಟನ್ ಲೈವ್ 12ರಿಂದ ಸಾಫ್ಟ್‌ವೇರಿನ ಒಳಗೇ ಈ ವ್ಯವಸ್ಥೆ ಇದೆ. ಅರಬ್ ಮಕಾಮ್‌ಗಳಿಗೆ ಇದು ಇನ್ನೂ ಅನಿವಾರ್ಯ. ಬಯಾತಿ ಎಂಬ ಮಕಾಮಿನ ಎರಡನೇ ಸ್ವರ ಸುಮಾರು 150 ಸೆಂಟ್‌ನಲ್ಲಿ, ಪಕ್ಕಪಕ್ಕದ ಎರಡು ಗುಂಡಿಗಳ ಸರಿನಡುವೆ ಇದೆ. ಸಿರಿಯಾ, ಲೆಬನಾನ್ ಕಡೆಯ ಮದುವೆಗಳಲ್ಲಿ ದಬ್ಕೆ ಕುಣಿತಕ್ಕೆ ನುಡಿಸುವವರು ಒಂದೊಂದು ಸ್ವರವನ್ನೂ ಕಾಲು ಮನೆ ಇಳಿಸುವ ಗುಂಡಿಗಳಿರುವ ಕೀಬೋರ್ಡ್‌ಗಳನ್ನೇ ಇಟ್ಟುಕೊಳ್ಳುತ್ತಾರೆ.

ಗಮಕದ ಪ್ರಶ್ನೆ ಬೇರೆ. ತೋಡಿಯ ಗಾಂಧಾರ ಒಂದು ಬಿಂದುವಿನಲ್ಲಿ ನಿಲ್ಲುವ ಸ್ವರವೇ ಅಲ್ಲ, ರಿಷಭ ಮಧ್ಯಮಗಳ ನಡುವೆ ತೂಗುತ್ತದೆ. ಹಾಡಿದ ತೋಡಿಯನ್ನು ಶ್ರುತಿ ತಿದ್ದುವ ಸಾಫ್ಟ್‌ವೇರಿಗೆ ಕೊಟ್ಟರೆ ಅದು ಆ ತೂಗಾಟವನ್ನು ತಪ್ಪೆಂದು ಬಗೆದು ಹನ್ನೆರಡರಲ್ಲಿ ಒಂದಕ್ಕೆ ಎಳೆದು ಕೂರಿಸುತ್ತದೆ. ರಾಗ ಅಲ್ಲಿಗೆ ಮುಗಿಯಿತು. ತಿದ್ದುವುದನ್ನು ಬಿಟ್ಟುಬಿಡಿ. ಸಿಂಥ್‌ನಲ್ಲೇ ಗಮಕ ನುಡಿಸುವುದಾದರೆ ಒಂದು ಸಲಕ್ಕೆ ಒಂದೇ ಸ್ವರ ನುಡಿಯುವಂತೆ ಇಟ್ಟು, ಪಿಚ್ ಬೆಂಡ್ (ಸ್ವರವನ್ನು ಜಾರಿಸುವ ಸೌಲಭ್ಯ) ವ್ಯಾಪ್ತಿಯನ್ನು ಮಾಮೂಲಿ 2ರಿಂದ 5 ಅಥವಾ 7 ಅರ್ಧ ಮನೆಗೆ ಹೆಚ್ಚಿಸಿ. ವಾದ್ಯ, ಕಂಪ್ಯೂಟರುಗಳ ನಡುವೆ ಸ್ವರದ ಸಂದೇಶ ಸಾಗಿಸುವ ಮಿಡಿ ಕ್ರಮದಲ್ಲಿ ಪಿಚ್ ಬೆಂಡ್ ಇಡೀ ಚಾನೆಲ್ಲಿಗೆ ಅನ್ವಯಿಸುವುದರಿಂದ ಗಮಕದ ಸಿಂಥ್‌ಗೆ ಪ್ರತ್ಯೇಕ ಚಾನೆಲ್ ಕೊಡಿ. ಇಲ್ಲದಿದ್ದರೆ ಗಮಕದ ಜೊತೆ ಆಧಾರ ಷಡ್ಜವೂ ಓಲಾಡುತ್ತದೆ.

ಕಾರ್ಡ್ ಹಾಕುವಾಗ ರಾಗದಲ್ಲಿ ಇಲ್ಲದ ಸ್ವರ ನುಸುಳುವುದು ಬಹಳ ಸಾಮಾನ್ಯ. ಹಿಂದೋಳದಲ್ಲಿ ಪಂಚಮ ಇಲ್ಲ. ಆದರೆ ಸಿಂಥ್‌ಗಳ ಎಷ್ಟೋ ಸಿದ್ಧ ಪ್ಯಾಡ್‌ಗಳಲ್ಲಿ ಒಂದು ಗುಂಡಿ ಒತ್ತಿದರೆ ಷಡ್ಜದ ಜೊತೆ ಪಂಚಮವೂ ನುಡಿಯುತ್ತದೆ. ಅಂಥ ಪ್ಯಾಡಿನ ಎರಡನೇ ಆಸಿಲೇಟರ್ (ಸ್ವರ ಹುಟ್ಟಿಸುವ ಭಾಗ) ತೆರೆದು ಅದನ್ನು ಮಧ್ಯಮಕ್ಕೆ ಸರಿಸಿ.

ತಳದ ಸದ್ದು ಯಾರದು?

ಕ್ಲಬ್ಬಿನ ಸ್ಪೀಕರಿನಲ್ಲಿ 40ರಿಂದ 100 ಹರ್ಟ್ಸ್ ನಡುವಿನ ಜಾಗ ಬಹಳ ಇಕ್ಕಟ್ಟು. ಕಿಕ್ ಸಾಮಾನ್ಯವಾಗಿ 50–60ರಲ್ಲಿ ಕೂರುತ್ತದೆ. ಡೊಳ್ಳು, ಧೋಲ್‌ನ ಎಡಮುಖ, ಬ್ರೆಜಿಲ್‌ನ ದೊಡ್ಡ ಡ್ರಮ್ ಸುರ್ದೊ ಎಲ್ಲವೂ ಅದೇ ಕಡೆಗೆ ನುಗ್ಗುತ್ತವೆ. ಎಲ್ಲವನ್ನೂ ಬಿಟ್ಟರೆ ತಳ ಗೊಜಗೊಜ ಎನ್ನುತ್ತದೆ, ಮೇಲಿನ ಲಿಮಿಟರ್ (ಸದ್ದು ಮಿತಿ ಮೀರದಂತೆ ತಡೆಯುವ ಸಾಧನ) ಇಡೀ ಹಾಡನ್ನು ಅದುಮುತ್ತದೆ. ಸಾಮಾನ್ಯ ಸಲಹೆ, ವಾದ್ಯವನ್ನು 90 ಹರ್ಟ್ಸ್‌ನ ಕೆಳಗೆ ಕತ್ತರಿಸಿ ಎಂದು. ತಬಲಾಗೆ, ಮೃದಂಗಕ್ಕೆ ಅದು ನಡೆಯುತ್ತದೆ. ಡೊಳ್ಳಿಗೆ ಮಾಡಬೇಡಿ. ತಳ ಕಳೆದುಕೊಂಡ ಡೊಳ್ಳಿನಲ್ಲಿ ಉಳಿಯುವುದು ಕೋಲಿನ ಸದ್ದು ಮಾತ್ರ. ಕೈ ಬಡಿಯುವ ಮುಖದ ಗುಮ್ಮನೆಯ ನಾದಕ್ಕಾಗಿಯೇ ಅಲ್ಲವೇ ಅದನ್ನು ತಂದದ್ದು? ಇಲ್ಲಿ ಬಿಟ್ಟುಕೊಡಬೇಕಾದದ್ದು ಕಿಕ್. ಕಿಕ್‌ನ ಬಾಲವನ್ನು, ಅಂದರೆ ಪೆಟ್ಟಿನ ನಂತರ ಉಳಿಯುವ ನಾದವನ್ನು, 100–120 ಮಿಲಿಸೆಕೆಂಡ್‌ಗೆ ಮೊಟಕುಮಾಡಿ ಮೊನೆ ಮಾತ್ರ ಉಳಿಸಿ, ತಳವನ್ನು ಡೊಳ್ಳಿಗೆ ಕೊಡಿ. ಇಬ್ಬರೂ ಬೇಕೇಬೇಕು ಅನಿಸಿದರೆ ಕಿಕ್ ಬಿದ್ದಾಗಲೆಲ್ಲ ಡೊಳ್ಳು 3–4 ಡೆಸಿಬಲ್ ತಗ್ಗುವಂತೆ ಸೈಡ್‌ಚೈನ್ ಹಾಕಿ.

ಕಿಕ್‌ಗೂ ಶ್ರುತಿ ಉಂಟು. 808ರ ಉದ್ದ ಬಾಲದ ಕಿಕ್ ಆದರಂತೂ ಅದು ಮಂದ್ರ ಸ್ವರವೇ. ಹಾಡಿನ ಶ್ರುತಿ ಡಿ ಆಗಿದ್ದರೆ ಕಿಕ್ ಅನ್ನು ಪಂಚಮಕ್ಕೆ, ಅಂದರೆ 55 ಹರ್ಟ್ಸ್‌ಗೆ ಕೂಡಿಸಿ. ಹಾಡು ಹಿಂದೋಳದಲ್ಲಿದ್ದರೆ ಪಂಚಮ ನಿಷಿದ್ಧ, ಮಧ್ಯಮಕ್ಕೆ, 49 ಹರ್ಟ್ಸ್‌ಗೆ ಇಳಿಸಿ. ತಬಲಾ ಜೋಡಿಯ ಬಲವಾದ್ಯ, ಮೃದಂಗದ ಬಲಮುಖ ಷಡ್ಜಕ್ಕೆ ಕೂಡಿರುತ್ತವೆ. ಮುದ್ರಣಕ್ಕೆ ಮುನ್ನ ಸಿಂಥ್‌ನ ಷಡ್ಜವನ್ನೇ ಕೇಳಿಸಿ ಅದಕ್ಕೆ ಶ್ರುತಿಮಾಡಿಸಿ. ಬೆಂಗಳೂರಿನ ರಾಡೆಲ್ ಮಾದರಿಯ ಎಲೆಕ್ಟ್ರಾನಿಕ್ ತಂಬೂರಿ ಬಳಸುವುದಾದರೆ ಅದನ್ನೂ ಟ್ಯೂನರ್ ಎದುರು ಹಿಡಿದು ನೋಡಿಕೊಳ್ಳಿ. 440ರ ಸ್ವರದ ಪಕ್ಕದಲ್ಲಿ 30 ಸೆಂಟ್ ಮೇಲಿನ ಇನ್ನೊಂದು ನುಡಿದರೆ ಸೆಕೆಂಡಿಗೆ ಏಳೆಂಟು ಸಲ ಸದ್ದು ಅದುರುತ್ತದೆ.

ಡೊಳ್ಳು ಮುದ್ರಿಸುವಾಗ ಕೋಲಿನ ಮುಖಕ್ಕೊಂದು, ಕೈಯ ಮುಖಕ್ಕೊಂದು ಡೈನಮಿಕ್ ಮೈಕ್, ಅರ್ಧ ಮೀಟರ್ ದೂರದಲ್ಲಿ. ಒಂದು ಮುಖ ಒಳಸರಿದಾಗ ಇನ್ನೊಂದು ಹೊರಗೆ ಉಬ್ಬುವುದರಿಂದ ಎರಡೂ ಮೈಕ್ ಕೂಡಿದಾಗ ತಳ ಮಾಯವಾಗುವುದುಂಟು. ಒಂದರ ಪೋಲಾರಿಟಿ (ಸದ್ದಿನ ಅಲೆಯ ಏರಿಳಿತದ ದಿಕ್ಕು) ತಿರುಗಿಸಿ ಕೇಳಿ, ಯಾವುದರಲ್ಲಿ ತಳ ತುಂಬಿಬರುತ್ತದೋ ಅದನ್ನು ಇಟ್ಟುಕೊಳ್ಳಿ. ಗಟ್ಟಿ ಪೆಟ್ಟು −10 ಡೆಸಿಬಲ್ ಆಸುಪಾಸಿನಲ್ಲಿ ಇರಲಿ. ತಂಡದ ಉತ್ಸಾಹ ಏರಿದಂತೆ ಸದ್ದೂ ಏರುತ್ತದೆ.

ಒಪ್ಪಿಗೆ

ಬೇರೆಯವರ ದನಿ ಎತ್ತಿಕೊಳ್ಳುವಾಗ ಈ ಸಂಗೀತದ ಚರಿತ್ರೆಯಲ್ಲಿ ಅನ್ಯಾಯ ಬಹಳ ನಡೆದಿದೆ. ತೈವಾನಿನ ಆಮಿಸ್ ಬುಡಕಟ್ಟಿನ ದಿಫಾಂಗ್ ದಂಪತಿ ಹಾಡಿದ್ದನ್ನು ಜರ್ಮನಿಯ ಎನಿಗ್ಮಾ ತಂಡ 1990ರ ದಶಕದಲ್ಲಿ ತನ್ನ ಹಾಡಿನಲ್ಲಿ ಬಳಸಿ ಜಗತ್ತಿನಾದ್ಯಂತ ಹೆಸರು ಮಾಡಿತು. ಹಾಡಿದವರ ಹೆಸರು ಅದರಲ್ಲಿ ಇರಲಿಲ್ಲ. ಅವರು 1998ರಲ್ಲಿ ಮೊಕದ್ದಮೆ ಹೂಡಿದ ಮೇಲೆಯೇ ರಾಜಿಯಾದದ್ದು. ಜನಪದ ಹಾಡಿಗೆ ಕರ್ತೃ ಇಲ್ಲ, ಆದ್ದರಿಂದ ಮುದ್ರಣವನ್ನೂ ಬಳಸಬಹುದು ಎಂದು ನಂಬಿದವರು ಇಂದಿಗೂ ಇದ್ದಾರೆ. ಅದು ತಪ್ಪು. ಭಾರತದ ಕಾಯ್ದೆಯಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮೇಲೆ 60 ವರ್ಷ ಇರುತ್ತದೆ, ಹಾಡಿದವರ ನುಡಿಸಿದವರ ಹಕ್ಕು 50 ವರ್ಷ. ಹಾಡು ಎಷ್ಟೇ ಹಳೆಯದಿರಲಿ, ಈ ಎರಡೂ ಬೇರೆ. ಸರಿಯಾದ ದಾರಿ, ಕಲಾವಿದರನ್ನು ಕರೆದು ಹೊಸದಾಗಿ ಮುದ್ರಿಸಿ, ಸಂಭಾವನೆ, ಆದಾಯದ ಪಾಲು, ಹೆಸರು ಎಲ್ಲಿ ಬರುತ್ತದೆ ಎಂಬ ಮೂರನ್ನೂ ಅವರ ಭಾಷೆಯಲ್ಲಿ ಬರೆದುಕೊಡುವುದು.

ಏಳನ್ನು ನಾಲ್ಕರಲ್ಲಿ ಕೂರಿಸುವುದು

ಡ್ಯಾನ್ಸ್ ಸಂಗೀತ 8, 16, 32 ಸುತ್ತುಗಳ ಲೆಕ್ಕದಲ್ಲಿ ನಡೆಯುತ್ತದೆ. ಡಿಜೆಗಳು ಹಾಡಿನಿಂದ ಹಾಡಿಗೆ ದಾಟುವುದೂ ಈ ಲೆಕ್ಕದ ಮೇಲೆ. ಮಿಶ್ರ ಚಾಪುವಿನ ಏಳನ್ನು ತರಲು ಕಿಕ್ ಅನ್ನೇ ಏಳಕ್ಕೆ ಬದಲಿಸಿದರೆ ಕುಣಿಯುವವರ ಕಾಲು ತಪ್ಪುತ್ತದೆ. ಕಿಕ್ ನಾಲ್ಕರಲ್ಲೇ ಇರಲಿ, ಮೃದಂಗವೋ ಬಾಯಲ್ಲಿ ತಾಳದ ಜತಿ ಹೇಳುವ ಕೊನ್ನಕ್ಕೋಲೋ ಅದರ ಮೇಲೆ ಏಳರಲ್ಲಿ ಉರುಳಲಿ.

ಒಂದು ಎಣಿಕೆಗೆ ಎರಡು ಅಕ್ಷರ ಎಂದು ಹಿಡಿದರೆ ಸುತ್ತಿಗೆ 8 ಅಕ್ಷರ. ಏಳು ಸುತ್ತು ಆದಾಗ 56 ಅಕ್ಷರ, ಅಂದರೆ ಚಾಪುವಿನ ಸರಿಯಾಗಿ ಎಂಟು ಆವರ್ತ. ಅಲ್ಲಿ ಎರಡೂ ಸಮದಲ್ಲಿ ಕೂಡುತ್ತವೆ. ಹೀಗೆ ನಾಲ್ಕು ಸಲ ಕೂಡುವಷ್ಟರಲ್ಲಿ 28 ಸುತ್ತು ಮುಗಿದಿರುತ್ತದೆ. 32 ಸುತ್ತಿನಲ್ಲಿ ಉಳಿದದ್ದು 4 ಸುತ್ತು, ಅಂದರೆ 32 ಅಕ್ಷರ. ಇದನ್ನು ಏಳರಲ್ಲೇ ತುಂಬಲು ಹೋದರೆ 28 ಆಗಿ 4 ಅಕ್ಷರ ಮಿಗುತ್ತದೆ, ಡ್ರಾಪ್ (ತಡೆದ ಬೀಟ್ ಪೂರ್ತಿಯಾಗಿ ಬಂದು ಬೀಳುವ ಘಳಿಗೆ) ಬರುವ ಹೊತ್ತಿಗೆ ಎಲ್ಲ ಕುಂಟುತ್ತದೆ. ಮುಕ್ತಾಯ ಹಾಕಬೇಕಾದದ್ದು ಇಲ್ಲಿ: 10 ಅಕ್ಷರದ ಒಂದು ಜತಿ ಮೂರು ಸಲ, ನಡುವೆ ಒಂದೊಂದು ಅಕ್ಷರದ ಕಾರ್ವೆ, ಅಂದರೆ ಬಿಡುವು. 10+1+10+1+10, ಸರಿಯಾಗಿ 32. ಜತಿ ಸರಳವಾಗಿರಲಿ: ತದಿಗಿಣತೊಂ ತದಿಗಿಣತೊಂ. ವೇಗ 124 ಇದ್ದರೆ ಒಂದು ಅಕ್ಷರ 242 ಮಿಲಿಸೆಕೆಂಡ್, ಇಡೀ ಮುಕ್ತಾಯ ಎಂಟು ಸೆಕೆಂಡಿಗೂ ಕಡಿಮೆ. ಮೂರನೆಯ ತೊಂ ಮುಗಿದ ಮರುಕ್ಷಣ ಸಮದ ಮೇಲೆ ಕಿಕ್, ಬಾಸ್, ಡೊಳ್ಳು ಒಟ್ಟಿಗೆ ಬೀಳುತ್ತವೆ. ಜತಿಯನ್ನೇ ಕೇಳಿರದವರೂ ಎರಡನೇ ಸಲದ ಹೊತ್ತಿಗೆ ಮೂರನೆಯದನ್ನು ಕಾಯುತ್ತಿರುತ್ತಾರೆ. ಡ್ರಾಪ್‌ಗೆ ಮುಂಚೆ ಸಾಮಾನ್ಯವಾಗಿ ಹಾಕುವ ಸ್ನೇರ್ ಉರುಳು, ಏರುವ ಶಬ್ದ ಎರಡನ್ನೂ ಈ ನಾಲ್ಕು ಸುತ್ತಿನಲ್ಲಿ ತೆಗೆದುಬಿಡಿ, ಕಿಕ್ ಅನ್ನೂ ನಿಲ್ಲಿಸಿ. ಅವು ಇದ್ದರೆ ಜತಿಯ ಅಕ್ಷರ ಒಂದೂ ಕೇಳದು. ರಿವರ್ಬ್‌ನ (ಮರುದನಿಯ) ಬಾಲ ಒಂದು ಅಕ್ಷರಕ್ಕಿಂತ ಉದ್ದ ಇರಬಾರದು. ಇದ್ದರೆ ಕಾರ್ವೆ ತುಂಬಿಹೋಗಿ ಮುಕ್ತಾಯದ ರಚನೆಯೇ ಕರಗುತ್ತದೆ.

ಇದನ್ನು ವೇದಿಕೆಯ ಮೇಲೆ ನುಡಿಸುವಾಗ ದೂರದ ಲೆಕ್ಕವೂ ಸೇರುತ್ತದೆ. ಸದ್ದು 10 ಮೀಟರ್ ಬರಲು 29 ಮಿಲಿಸೆಕೆಂಡ್ ಬೇಕು. ಮೃದಂಗದವರು ಸಭೆಯ ಸ್ಪೀಕರಿನಿಂದ ಬರುವ ಕಿಕ್ ಕೇಳಿಕೊಂಡು ನುಡಿಸಿದರೆ ಪ್ರತಿ ಪೆಟ್ಟೂ ಅಷ್ಟು ತಡವಾಗುತ್ತದೆ. 124ರ ವೇಗದಲ್ಲಿ ಅದು ಒಂದು ಚೌಕದ ಕಾಲುಭಾಗ. ಕಿಕ್ ಅನ್ನು ನೇರವಾಗಿ ಅವರ ಕಿವಿಯ ಇಯರ್‌ಫೋನಿಗೆ ಕೊಡಿ. ಕಂಪ್ಯೂಟರಿನ ಬಫರ್ (ಸದ್ದನ್ನು ಕೂಡಿಟ್ಟು ಕಳಿಸುವ ತಾತ್ಕಾಲಿಕ ಜಾಗ) 128 ಸ್ಯಾಂಪಲ್ ದಾಟದಿರಲಿ. 48 ಕಿಲೋಹರ್ಟ್ಸ್‌ನಲ್ಲಿ ಅದು ಒಂದು ಕಡೆಗೆ 2.7 ಮಿಲಿಸೆಕೆಂಡ್, ಹೋಗಿಬರುವ ಒಟ್ಟು ತಡ 10 ಮಿಲಿಸೆಕೆಂಡಿನ ಒಳಗಿದ್ದರೆ ಕೈ ಹಿಂದೆ ಬೀಳುವುದಿಲ್ಲ.